ಒಂದು ಸಲ ತಟ್ಟಿದರೆ ಹೌದು

ಖಾತೆ ದೃಢೀಕರಣ ವಿಭಾಗದ ಮುಖ್ಯಸ್ಥರೇ,

ನಮ್ಮಕ್ಕನಿಗೆ ಮಾತು ಬರುವುದಿಲ್ಲ. ಗಂಟಲಿನ ಕ್ಯಾನ್ಸರಿಗಾಗಿ ವೈದ್ಯರು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ಎರಡು ತಿಂಗಳಾಯಿತು. ನಿಮ್ಮ ಕಂಪನಿಯ ಕ್ಲೌಡ್‌ನಲ್ಲಿರುವ ಅವಳ ಖಾತೆಗೆ ಬೀಗ ಬಿದ್ದು ಇಂದಿಗೆ ಐವತ್ತೊಂದು ದಿನ. ಬೀಗ ತೆಗೆಯಬೇಕಾದರೆ ಖಾತೆದಾರರು ಖುದ್ದಾಗಿ ದೂರವಾಣಿಯಲ್ಲಿ ಮಾತನಾಡಿ ತಮ್ಮ ಗುರುತನ್ನು ದೃಢಪಡಿಸಬೇಕು ಎಂಬುದು ನಿಮ್ಮ ನಿಯಮ. ಆ ಖಾತೆಯಲ್ಲಿರುವುದು ಅವಳ ಧ್ವನಿ. ಇಷ್ಟನ್ನೇ ನಿಮ್ಮ ಸಿಬ್ಬಂದಿಗೆ ಹನ್ನೊಂದು ಸಲ ಬರೆದಿದ್ದೇನೆ. ಹನ್ನೊಂದು ಸಲವೂ ಒಂದೇ ಉತ್ತರ: "ನಿಮ್ಮ ಸುರಕ್ಷತೆಗಾಗಿ, ದಯವಿಟ್ಟು ನಮಗೆ ಕರೆ ಮಾಡಿ." ಅದಕ್ಕೇ ಹನ್ನೆರಡನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ಅಕ್ಕ ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುತ್ತಿದ್ದವಳು. ಆಪರೇಷನ್ ಖಚಿತವಾದಾಗ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ದಾರಿ ತೋರಿಸಿದರು. ಮೊದಲೇ ಸಾವಿರ ವಾಕ್ಯ ರೆಕಾರ್ಡ್ ಮಾಡಿ ಕ್ಲೌಡ್‌ನಲ್ಲಿಟ್ಟರೆ, ಆಮೇಲೆ ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವಳದೇ ಧ್ವನಿಯಲ್ಲಿ ಹೇಳುತ್ತದಂತೆ. ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನ್ ಆರಿಸಿ, ಒಂಬತ್ತು ದಿನ ಬೆವರುತ್ತಾ ಓದಿದಳು. ಪಟ್ಟಿ ಮುಗಿದ ಮೇಲೂ ನಿಲ್ಲಿಸಲಿಲ್ಲ. "ಗ್ಯಾಸ್ ಆಫ್ ಮಾಡಿದ್ಯೇನೇ?" "ಅಮ್ಮ, ಮಾತ್ರೆ ನುಂಗಿದ್ಯಾ, ಇಲ್ಲಾ ದಿಂಬಿನ ಕೆಳಗಿಟ್ಯಾ?" ನನ್ನನ್ನು ಬೈಯುವುದಕ್ಕೆಂದೇ ಮೂವತ್ತು ವಾಕ್ಯ ಸೇರಿಸಿ, "ಪುಕ್ಕಟೆ ಬೈಗುಳ, ಇಟ್ಕೋ," ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ನಗುವೂ ಈಗ ನಿಮ್ಮ ಬೀಗದ ಹಿಂದೆ ಇದೆ.

ಆಪರೇಷನ್ ಆದ ವಾರಕ್ಕೆ ಆಸ್ಪತ್ರೆಯ ಹಾಸಿಗೆಯಿಂದಲೇ ಖಾತೆ ತೆರೆಯಲು ನೋಡಿದಳು. ಔಷಧದ ಮಂಪರು ಬೇರೆ. ಪಾಸ್‌ವರ್ಡ್ ಮೂರು ಸಲ ತಪ್ಪಿತು. ಹೊಸ ಜಾಗದಿಂದ ಅನುಮಾನಾಸ್ಪದ ಪ್ರಯತ್ನ ಎಂದಿತು ನಿಮ್ಮ ಯಂತ್ರ. ಇರಲಿ, ಅನುಮಾನ ಪಡುವುದು ಅದರ ಕೆಲಸ. ಆಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟೆವು, ಫೋನಿಗೆ ಬಂದ ಒಟಿಪಿ ಕೊಟ್ಟೆವು, ಗುರುತಿನ ಚೀಟಿ ಕೊಟ್ಟೆವು, ವೈದ್ಯರ ಪತ್ರ ಕೊಟ್ಟೆವು. ಎಲ್ಲ ಸರಿಯಾಗಿದೆ, ಇನ್ನೊಂದೇ ಹೆಜ್ಜೆ ಬಾಕಿ ಎಂದಿರಿ. ಮಾತಾಡಬೇಕಂತೆ! ನಾನು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವವಳು. ಬಾಗಿಲಲ್ಲಿ ಸಣ್ಣಕ್ಷರದ ಬೋರ್ಡ್ ತೂಗುಹಾಕಿ, ಇದನ್ನು ಓದಬಲ್ಲವರಿಗೆ ಮಾತ್ರ ಕನ್ನಡಕ ಕೊಡಲಾಗುವುದು ಎಂದರೆ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ನಿಮ್ಮಲ್ಲಿ ಅದಕ್ಕೆ ಭದ್ರತಾ ನೀತಿ ಎಂಬ ಗೌರವದ ಹೆಸರಿದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. 'ಫೋನ್ ಕಳೆದರೂ ನಿಮ್ಮದೇನೂ ಕಳೆಯದು' ಎಂಬ ನಿಮ್ಮ ಜಾಹೀರಾತನ್ನು ನಂಬಿ, ಫೋನಿನಲ್ಲಿ ಜಾಗ ಸಾಲದೆಂದು ಎಲ್ಲವನ್ನೂ ಅಳಿಸಿದವಳು ನಾನೇ. ಆ ತಪ್ಪು ನನ್ನದು, ಒಪ್ಪಿದೆ.

ಇನ್ನೊಂದು ತಪ್ಪೂ ನನ್ನದೇ. ಕಳೆದ ತಿಂಗಳು ನಾನೇ ಅಕ್ಕನಾಗಿ ನಿಮಗೆ ಕರೆ ಮಾಡಿದೆ. ಬೇಡ ಎಂದು ಅಕ್ಕ ಸ್ಲೇಟಿನ ಮೇಲೆ ಬರೆದು ಮೂಗಿನ ಮುಂದೆ ಹಿಡಿದಳು. ಕೇಳಲಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ, ಎಲ್ಲವನ್ನೂ ಪಟಪಟನೆ ಹೇಳಿದೆ. ನಮ್ಮಮ್ಮನಿಗೆ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಬಲು ಚುರುಕು. ಒಳಗಿನ ಕೋಣೆಯಿಂದ ಕೂಗಿದಳು: "ಅಕ್ಕನ ಹೆಸರು ಹೇಳ್ಕೊಂಡು ಯಾರ ಹತ್ರ ಮಾತಾಡ್ತಿದ್ದೀಯೇ, ಪುಟ್ಟೀ?" ಅಲ್ಲಿಗೆ ಮುಗಿಯಿತು. ಅಕ್ಕನ ಖಾತೆಯ ಮೇಲೆ 'ವಂಚನೆಯ ಯತ್ನ' ಎಂಬ ಮುದ್ರೆ ಬಿತ್ತು.

ಅಮ್ಮನನ್ನು ದೂರಲಾರೆ. ಅವಳಿಗೆ ಸ್ಲೇಟು ಓದಲಾಗದು. ಹಿರಿಮಗಳು ಮನೆಯಲ್ಲಿದ್ದೂ ಅವಳ ಪಾಲಿಗೆ ಇಲ್ಲ. "ದೊಡ್ಡವಳಿಗೆ ನನ್ನ ಮೇಲೆ ಕೋಪಾನಾ?" ಎಂದು ಎಲ್ಲ ಗೊತ್ತಿದ್ದೂ ಕೇಳುತ್ತಾಳೆ. ಅಕ್ಕ ಹೋಗಿ ಅವಳ ಕೈ ಹಿಡಿದು ಕೂರುತ್ತಾಳೆ.

ಕಂಟ್ರೋಲ್ ರೂಮಿಗೆ ಮಾತಾಡಲಾಗದವರ ಕರೆಗಳೂ ಬರುತ್ತಿದ್ದವು. ಪಾರ್ಶ್ವವಾಯು ಬಡಿದವರು, ಉಸಿರು ಕಟ್ಟಿದವರು, ಬಾಗಿಲಾಚೆ ನಿಂತವನಿಗೆ ಹೆದರಿ ಬಾಯಿ ಬಿಡದವರು. ಅಕ್ಕ ಫೋನ್ ಇಡುತ್ತಿರಲಿಲ್ಲ. "ಮಾತಾಡೋಕೆ ಆಗ್ತಿಲ್ವಾ? ಪರವಾಗಿಲ್ಲ. ಫೋನ್ ಮೇಲೆ ತಟ್ಟಿ. ಹೌದು ಅಂದ್ರೆ ಒಂದ್ಸಲ, ಇಲ್ಲ ಅಂದ್ರೆ ಎರಡ್ಸಲ. ನಾನು ಇಲ್ಲೇ ಇದೀನಿ." ಬೀದಿಗಳ ಹೆಸರನ್ನು ಒಂದೊಂದಾಗಿ ಓದುತ್ತಾ, ತಟ್ಟಿದ ಕಡೆ ಗಾಡಿ ಕಳಿಸುತ್ತಿದ್ದಳು. ನೀವು ಯಾರೆಂದು ಮೊದಲು ಸಾಬೀತುಪಡಿಸಿ ಎಂದು ಯಾರನ್ನೂ ಕೇಳಲಿಲ್ಲ.

ಮೊನ್ನೆ ಸೋಮವಾರ ನಿಮ್ಮ ನಂಬರಿಗೆ ಅವಳೇ ಕರೆ ಮಾಡಿದಳು. ನಲವತ್ತು ನಿಮಿಷ ಕಾದ ಮೇಲೆ ನಿಮ್ಮವರೊಬ್ಬರು ಎತ್ತಿದರು. "ಹಲೋ, ಹೇಳಿ ಮೇಡಂ." ಅಕ್ಕ ಉಗುರಿನಿಂದ ಫೋನಿಗೆ ಒಂದು ಸಲ ತಟ್ಟಿದಳು. "ಹಲೋ? ಕೇಳಿಸ್ತಿದೆಯಾ?" ಒಂದು ಸಲ. "ಖಾತೆದಾರರೇ ಮಾತಾಡ್ತಿರೋದಾ?" ಒಂದು ಸಲ, ಜೋರಾಗಿ. "ನಿಮ್ಮ ಕಡೆಯಿಂದ ಪ್ರತಿಕ್ರಿಯೆ ಇಲ್ಲದ ಕಾರಣ ಕರೆ ಮುಗಿಸುತ್ತಿದ್ದೇವೆ. ಧನ್ಯವಾದ." ಕರೆ ನಿಂತ ಮೇಲೂ ಅಕ್ಕ ತಟ್ಟುತ್ತಲೇ ಇದ್ದಳು. ನಾನೇ ಫೋನ್ ಕಿತ್ತುಕೊಂಡೆ. ಆಪರೇಷನ್ನಿನ ದಿನವೂ ಅಳದವಳು ಅವತ್ತು ಅತ್ತಳು. ಅವಳು ಅತ್ತರೂ ಸದ್ದು ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಅರವತ್ತು ದಿನದೊಳಗೆ ದೃಢೀಕರಣವಾಗದ ಖಾತೆಯನ್ನು ಅಳಿಸಲಾಗುವುದು ಎಂದು ನಿನ್ನೆ ತಿಳಿಸಿದ್ದೀರಿ. ಉಳಿದಿರುವುದು ಒಂಬತ್ತು ದಿನ, ಅವಳು ಓದಿ ಮುಗಿಸಲು ಹಿಡಿದಷ್ಟೇ. ಅಳಿಸುವುದನ್ನು ಇಂದೇ ತಡೆಯಿರಿ. ಸುಳ್ಳು ಹೇಳಿದವಳು ನಾನು. ನನ್ನ ಮೇಲೆ ಏನು ಬೇಕಾದರೂ ಕ್ರಮ ಕೈಗೊಳ್ಳಿ, ಅವಳ ಖಾತೆಯ ಮೇಲಿನ ಮುದ್ರೆ ತೆಗೆಯಿರಿ. ಬರೆದು ಕೊಟ್ಟ ಉತ್ತರವನ್ನು ಉತ್ತರವೆಂದು ಒಪ್ಪಿಕೊಳ್ಳಿ. ಅದೂ ನಿಮ್ಮ ನೀತಿಗೆ ಒಗ್ಗದಿದ್ದರೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಅಕ್ಕ ಮತ್ತೆ ಕರೆ ಮಾಡುತ್ತಾಳೆ. ಫೋನನ್ನು ನೀವೇ ಎತ್ತಿ. ಆಚೆಯಿಂದ ಮಾತು ಬಾರದಿದ್ದರೆ ಇಟ್ಟುಬಿಡಬೇಡಿ. ಇದ್ದೀರಾ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ.

ಇಂತಿ,
ಅಕ್ಕನಾಗಲು ಹೋಗಿ ಅಮ್ಮನ ಕಿವಿಗೆ ಸಿಕ್ಕಿಬಿದ್ದ ತಂಗಿ