ದನದ ಸೀಟಿ

ಗುಂಡ್ಲುಪೇಟೆ
ಬುಧವಾರ, 10-12-2025

ಪ್ರೀತಿಯ ಶಾಂತರಾಜು,

ನೀನು, ಕುಮಾರಿ, ಅವ್ವ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಚಳಿಗೆ ಅವ್ವನ ಮಂಡಿ ನೋವು ಜಾಸ್ತಿಯಾಗಿರಬೇಕು, ಬಿಸಿನೀರು ಹಾಕಿಸು. ಇಲ್ಲಿ ನಾನು, ನಜೀಮಾ, ಮಕ್ಕಳು ಚೆನ್ನಾಗಿದ್ದೇವೆ. ಕಾಗದ ಬರೆಯುವುದು ತಡವಾಯಿತು, ಕ್ಷಮಿಸು. ಅಂಗಡಿಯಲ್ಲಿ ಕೆಲಸ ಇತ್ತು ಅನ್ನುವುದು ನಿಜ. ಅಯ್ಯಪ್ಪನ ಮಾಲೆ ಹಾಕಿದವರ ಗಾಡಿಗಳು ಶಬರಿಮಲೆಗೆ ಹೊರಡುವ ಮುಂಚೆ ಸೀಟು ಹೊಲಿಸಿಕೊಂಡು ಹೋಗುತ್ತವೆ, ಸೂಜಿ ಕೆಳಗಿಡಲು ಬಿಡುವಿಲ್ಲ. ಆದರೆ ಕೆಲಸದಿಂದಲೇ ತಡವಾಯಿತು ಅಂದರೆ ನೀನೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ, ಕೂತು ಬರೆಯುವಷ್ಟು ಇಳಿದಿದೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತಾಡಿದರೆ ನಾನು ಕೇಳಬೇಕು, ನಾನು ಬಾಯಿ ತೆಗೆದರೆ ನೀನು ಇಟ್ಟುಬಿಡುತ್ತೀಯ. ಹೋದ ಸಲ ಹಾಗೇ ಆಯಿತು. ನೀನು ಕೊಳ್ಳೇಗಾಲಕ್ಕೆ ವರ್ಗವಾಗಿ ಹೋಗಿದ್ದಾಗ ನಾವು ಕಾಗದ ಬರೆದುಕೊಳ್ಳುತ್ತಿದ್ದೆವಲ್ಲ, ಅದೇ ಒಳ್ಳೆಯದು ಅನ್ನಿಸಿತು. ನನ್ನ ಅಕ್ಷರ ಆಗಲೂ ಹೀಗೇ ಇತ್ತು, ನಗಬೇಡ. ಪೂರ್ತಿ ಓದು.

ಮೊದಲು ನಿನ್ನ ಟೀವಿಯ ವಿಷಯ. ರೇಷ್ಮೆ ಇಲಾಖೆಯಿಂದ ನಿವೃತ್ತಿಯಾದ ಮೇಲೆ ನೀನು ಗೋಡೆಯಗಲದ ಟೀವಿ ತಂದೆ. ಹೋದ ವರ್ಷ ಮೊಮ್ಮಗಳ ನಾಮಕರಣಕ್ಕೆ ನಾನು ಹರದನಹಳ್ಳಿಗೆ ಬಂದಿದ್ದಾಗ, ಕೈ ತೊಳೆದು ಒರೆಸಿಕೊಳ್ಳಲೂ ಬಿಡದೆ ಎಳೆದುಕೊಂಡು ಹೋಗಿ ಅದರ ಮುಂದೆ ಕೂರಿಸಿದೆ. ಯಾವುದೋ ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾಚು. "ನೋಡ್ಲಾ ಇಸ್ಮಾಯ್ಲು, ಒಂದೊಂದು ಹುಲ್ಲಿನ ಎಳೆನೂ ಎಣಿಸ್ಬೌದು. ಗ್ರೌಂಡ್‌ಗೆ ಓಗಿ ಏನ್ ಕಂಡದು? ಆ ಕಡೆ ಗೋಲಾದ್ರೆ ಈ ಕಡೆ ಬರೀ ದೂಳು," ಅಂದೆ. ನಾನು ವೀಳ್ಯದೆಲೆ ಜಗಿಯುತ್ತಾ ತಲೆಯಾಡಿಸಿದೆ, ಯಾಕೆಂದರೆ ನೀನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಫ್‌ಸೈಡ್ ಆಯಿತೋ ಇಲ್ಲವೋ ಅಂತ ಅವರು ಗೆರೆ ಎಳೆದು ತೋರಿಸುತ್ತಾರೆ. ಅಂಥ ಗೆರೆ ನನ್ನ ಕೈಯಲ್ಲಿದ್ದರೆ ರೆಫ್ರಿಯಾಗಿ ತಿಂದ ಬೈಗುಳದಲ್ಲಿ ಅರ್ಧ ತಪ್ಪುತ್ತಿತ್ತು. ಟೀವಿ ನನಗೇನೂ ಶತ್ರುವಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ನಾನೂ ಮಗ ಜಾಕಿರನ ಮೊಬೈಲ್ ಅಂಗಡಿಯಲ್ಲಿ ಕೂತು ನೋಡುತ್ತೇನೆ.

ಆದರೆ ಆ ಟೀವಿ ಬಂದಾಗಿನಿಂದ ನೀನು ಮೈದಾನಕ್ಕೆ ಬರುವುದು ನಿಂತುಹೋಯಿತು. ಮೊದಲು ಮಂಡಿ ಅಂದೆ, ಆಮೇಲೆ ಬಸ್ಸು ಸಿಗುವುದಿಲ್ಲ ಅಂದೆ, ಆಮೇಲೆ ನೆಪ ಹೇಳುವುದನ್ನೂ ಬಿಟ್ಟೆ. ನನ್ನ ಕೈಯಲ್ಲಿ ಸೀಟಿ ಇಲ್ಲದ ದಿನ ನಾವಿಬ್ಬರೂ ಗೋಲಿನ ಹಿಂದಿನ ಏರಿಯ ಮೇಲೆ ಕೂರುತ್ತಿದ್ದೆವು. ಎಲ್ಲರೂ ನೆರಳು ಹುಡುಕಿಕೊಂಡು ಪಕ್ಕದಲ್ಲಿ ಕೂತರೆ ನಿನಗೆ ಮಾತ್ರ ಬಿಸಿಲಿಗೆ ಮುಖ ಕೊಟ್ಟು ಅಲ್ಲೇ ಕೂರಬೇಕು. ಗೋಲು ಕಾಯ್ದವನಿಗೆ ಬೇರೆ ಕಡೆಯಿಂದ ನೋಡಿದರೆ ಆಟ ತಲೆಗೆ ಹತ್ತುವುದಿಲ್ಲ ಅನ್ನುತ್ತಿದ್ದೆ. "ಬಾಲನ್ನ ಏನ್ ನೋಡಿಯೆ, ಅದು ಎಲ್ಲೂ ಓಗಲ್ಲ. ಬಾಲು ದೂರ ಇದ್ದಾಗ ಮಿಕ್ಕೋರು ಏನ್ ಮಾಡ್ತವ್ರೆ ಅಂತ ನೋಡ್ಲಾ," ಅಂತ ನನ್ನ ಕತ್ತು ತಿರುಗಿಸುತ್ತಿದ್ದೆ. ಈಗ ಆ ಜಾಗದಲ್ಲಿ ಕಡಲೆಕಾಯಿ ಮಾರುವವನು ಬುಟ್ಟಿ ಇಟ್ಟುಕೊಂಡು ಕೂರುತ್ತಾನೆ.

ಇನ್ನು ಫೈನಲ್ ವಿಷಯ. ನಮ್ಮ ಮೈದಾನದ ಸೆವೆನ್ಸ್, ಏಳೇಳು ಜನದ ಆಟ, ಗುಂಡ್ಲುಪೇಟೆಗೂ ಹರದನಹಳ್ಳಿಗೂ. ರೆಫ್ರಿ ಯಾರಿರಲಿ ಅಂತ ಕೇಳಿದಾಗ "ಇಸ್ಮಾಯ್ಲಣ್ಣನೇ ಇರ್ಲಿ" ಅಂತ ಮೊದಲು ಹೇಳಿದವರು ಹರದನಹಳ್ಳಿಯ ಹುಡುಗರೇ. ನಿನ್ನ ತಮ್ಮನ ಮಗ ನಿಂಗರಾಜುಗೆ ಇದು ಮೊದಲ ಫೈನಲ್. ಆದರೂ ನೀನು ಬರಲಿಲ್ಲ. ಕೇರಳದ ಕಡೆಯ ಹುಡುಗರು ಕ್ಯಾಮೆರಾ ತಂದು ಯೂಟ್ಯೂಬಿನಲ್ಲಿ ಲೈವ್ ಹಾಕುತ್ತಾರೆ ಅಂತ ಗೊತ್ತಾಗಿದ್ದೇ ತಡ, ಅದನ್ನು ಗೋಡೆಯ ಟೀವಿಗೆ ಹಚ್ಚಿಕೊಂಡು ಅರ್ಧ ಊರನ್ನೇ ಮನೆಯಲ್ಲಿ ಕೂರಿಸಿದ್ದೆಯಂತೆ. ಪಾಪ, ಕುಮಾರಿಗೆ ಟೀ ಕಾಸಿ ಕಾಸಿ ಸಾಕಾಯಿತಂತೆ.

ಆ ಹುಡುಗರು ಕ್ಯಾಮೆರಾವನ್ನು ಒಂದು ಟೆಂಪೋ ಮೇಲೆ ನಿಲ್ಲಿಸಿದ್ದರು. ಬಾಲು ಹೋದ ಕಡೆ ಅದರ ಮುಖ. ಎರಡು ಕಡೆಯೂ ಗೋಲಾಗಿರಲಿಲ್ಲ, ಬಿಸಿಲು ಇಳಿಯುತ್ತಿತ್ತು. ನಿಂಗರಾಜುವಿನ ಕಾಲಿಗೆ ಒಳ್ಳೆಯ ಬಾಲು ಸಿಕ್ಕಿತು, ಮುಂದೆ ಗೋಲ್‌ಕೀಪರ್ ಒಬ್ಬನೇ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ಮೈದಾನದ ಆಚೆ ಮೂಲೆಯಲ್ಲಿ ಗಂಟೆಯ ಸದ್ದು. ತಿರುಗಿ ನೋಡಿದರೆ ಚಿಕ್ಕನಿಂಗಮ್ಮನ ದನ ಒಳಗೆ ಕಾಲಿಟ್ಟಿದ್ದವು. ಸೀಟಿ ಊದಿದೆ, ಒಂದು ಉದ್ದ, ಒಂದು ಗಿಡ್ಡ. ನಾನು ಊದಿದ ಮೇಲೆ ನಿಂಗರಾಜು ಹೊಡೆದ. ಗೋಲ್‌ಕೀಪರ್ ಸೀಟಿ ಕೇಳಿ ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದ, ಬಾಲು ಅವನ ಪಕ್ಕದಲ್ಲೇ ಒಳಗೆ ಹೋಯಿತು. ನಾನು ಗೋಲು ಕೊಡಲಿಲ್ಲ. ದನ ದಾಟಿದ ಮೇಲೆ ಬಾಲನ್ನು ಅದೇ ಜಾಗದಲ್ಲಿ ನಿಂಗರಾಜುವಿನ ಕಾಲಿಗೇ ಕೊಟ್ಟೆ. ಅಷ್ಟರಲ್ಲಿ ಎದುರಿನವರೆಲ್ಲ ಗೋಲಿನ ಮುಂದೆ ಬಂದು ಸೇರಿದ್ದರು. ಕೊನೆಯಲ್ಲಿ ಗುಂಡ್ಲುಪೇಟೆ ಒಂದು ಗೋಲು ಹೊಡೆದು ಗೆದ್ದಿತು.

ಟೀವಿಯಲ್ಲಿ ನೀನು ಕಂಡದ್ದೇನು? ನಿಂಗರಾಜು ಹೊಡೆದದ್ದು, ಬಾಲು ಒಳಗೆ ಹೋದದ್ದು, ಇಸ್ಮಾಯಿಲ್ ಕೈ ಆಡಿಸಿ ಇಲ್ಲ ಅಂದದ್ದು. ದನ ಆ ಕ್ಯಾಮೆರಾದ ಕಣ್ಣಿಗೆ ಬೀಳಲೇ ಇಲ್ಲ. ಗಂಟೆ, ಸೀಟಿ ಎಲ್ಲ ಅವರ ಕಾಮೆಂಟರಿಯ ಅಬ್ಬರದಲ್ಲಿ ಮುಚ್ಚಿಹೋಯಿತು. ಪರಊರಿನವರಿಗೆ ನಮ್ಮ ಮೈದಾನದ ದನದ ಸೀಟಿ ಏನು ಗೊತ್ತು? ರೆಫ್ರಿ ಗೋಲು ನುಂಗಿಬಿಟ್ಟ ಅಂತ ಕೂಗಾಡಿದರು. ಆಟ ನಿಂತ ಕೂಡಲೇ ಚಿನ್ನದಂಗಡಿಯ ಜಾಹೀರಾತು ಬೇರೆ ಹಾಕಿದರಂತೆ. ಇಲ್ಲಿ ದನ ದಾಟುವಷ್ಟು ಹೊತ್ತೂ ನೀವೆಲ್ಲ ಅಲ್ಲಿ ಬಳೆ ನೋಡುತ್ತಾ ಕೂತಿದ್ದಿರಿ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿನಗೆ ಗೊತ್ತಿರಲಿಲ್ಲವಾ ಶಾಂತ? ಆ ಸೀಟಿಯನ್ನು ಶುರು ಮಾಡಿಸಿದವನೇ ನೀನು. ನೀನು ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಕಾಲ. ನೀನು ಗುಂಡ್ಲುಪೇಟೆಯ ಗೋಲ್‌ಕೀಪರ್, ಕ್ಯಾಪ್ಟನ್. ನಿನ್ನ ಮುಂದೆ ನಾನು ಬ್ಯಾಕ್. ನಮ್ಮ ಬಾಲು ಬಡಿದು ದೊಡ್ಡಮಲ್ಲಮ್ಮನ ಗಬ್ಬದ ಹಸು ಬೆದರಿ ಬಿತ್ತು. ಆ ಯಮ್ಮ ಕೋಲು ಹಿಡಿದು ಬಂದು ಗೋಲಿನ ಬಾಯಿಗೇ ಕಾಲು ಚಾಚಿ ಕೂತುಬಿಟ್ಟಳು. "ನಮ್ಮ ದನ ಈ ದಾರೀಲಿ ನಮ್ಮತ್ತೆ ಕಾಲದಿಂದ ಓಡಾಡ್ತವೆ. ನಿಮ್ಮ ಚೆಂಡು ನೆನ್ನೆ ಬಂದದ್ದು," ಅಂದಳು. ನಾವೆಲ್ಲ ಜಗಳಕ್ಕೆ ನಿಂತಾಗ ನೀನೊಬ್ಬ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾತಾಡಿದೆ. ದನ ಕಾಲಿಟ್ಟರೆ ಸೀಟಿ, ಸೀಟಿ ಕೇಳಿದರೆ ಆಟ ನಿಲ್ಲಬೇಕು, ಕೊನೆಯ ಕರು ದಾಟುವ ತನಕ ಯಾರೂ ಕದಲಬಾರದು, ಅವಳೂ ಮೈದಾನದಲ್ಲಿ ಮೇಯಲು ಬಿಡಬಾರದು ಅಂತ ಒಪ್ಪಂದವಾಯಿತು. ಗೋಲು ಬೀಳುವಂತಿದ್ದರೂ ನಿಲ್ಲಬೇಕು ಅಂತ ಒತ್ತಿ ಹೇಳಿದವನೂ ನೀನೇ. ದೊಡ್ಡಮಲ್ಲಮ್ಮ ತೀರಿಕೊಂಡಳು, ಈಗ ಸೊಸೆ ಚಿಕ್ಕನಿಂಗಮ್ಮ ಅದೇ ದಾರಿಯಲ್ಲಿ ಬರುತ್ತಾಳೆ. ಅವಳೂ ಮಾತು ತಪ್ಪಿಲ್ಲ, ನಾವೂ ತಪ್ಪಿಲ್ಲ. ಏರಿಯ ಮೇಲೆ ಕೂತಿದ್ದರೆ ನನಗಿಂತ ಮೊದಲು ನೀನೇ "ದನ ಬಂದೋ ಕಣ್ಲಾ" ಅಂತ ಕೂಗಿರುತ್ತಿದ್ದೆ.

ಫೈನಲ್ ಆದ ಮೇಲೆ ನಿಂಗರಾಜು ಅಂಗಡಿಗೆ ಬಂದಿದ್ದ. ಬಾಲಿನ ಹೊಲಿಗೆ ಬಿಟ್ಟಿದೆ ಅನ್ನುವ ನೆಪ. ಬಾಲು ಮುಂದಿಟ್ಟು, "ಸೀಟಿ ಕೇಳುಸ್ತು ಇಸ್ಮಾಯ್ಲಣ್ಣ. ಅಷ್ಟೊತ್ಗೆ ಕಾಲು ಎತ್ತಾಗಿತ್ತು, ಒಡ್ದುಬುಟ್ಟೆ," ಅಂದ.

"ದೊಡ್ಡಪ್ಪಂಗೆ ಹೇಳ್ದಾ?" ಅಂದೆ.

"ಏಳ್ದೆ. ನೀನು ಆಡ್ದೋನು, ನಿಂಗೇನ್ ಗೊತ್ತು, ನಾನು ತಿರುಗ್ಸಿ ತಿರುಗ್ಸಿ ನೋಡಿವ್ನಿ ಅಂದ್ರು."

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಬಾಲು ಹೊಲಿದು ಕೊಟ್ಟೆ, ತೆಗೆದುಕೊಂಡು ಹೋದ. ಒಳ್ಳೆಯ ಹುಡುಗ. ಅವನ ಮೇಲೆ ರೇಗಬೇಡ.

ಮೊನ್ನೆ ಸಂತೆಮರಹಳ್ಳಿಯ ಗುರುಮಲ್ಲಯ್ಯನವರು ಬಂದಿದ್ದರು. ಈ ತಿಂಗಳ ಕೊನೆಯ ಭಾನುವಾರ ಅವರು ಅಲ್ಲಿ ಮ್ಯಾಚು ಆಡಿಸುತ್ತಿದ್ದಾರೆ, ಹರದನಹಳ್ಳಿ ತಂಡವೂ ಇದೆ. ಸೀಟಿ ನನ್ನದೇ ಅಂತ ಮೊದಲೇ ಮಾತಾಗಿತ್ತು. ಟೀ ಕುಡಿದರು, ಹೊಲಿದಿಟ್ಟ ಲಾರಿ ಸೀಟನ್ನು ಒತ್ತಿ ನೋಡಿದರು, ಅವರೆಕಾಯಿ ರೇಟು ಮಾತಾಡಿದರು. ಕೊನೆಗೆ ಕೆಮ್ಮಿಕೊಂಡು, "ಹರದನಹಳ್ಳಿ ಉಡುಗ್ರು ನೀವಿದ್ರೆ ಆಡಲ್ಲ ಅಂತವ್ರೆ ಇಸ್ಮಾಯಿಲ್ ಅವ್ರೇ. ಎಲ್ಲಾರ್ ಫೋನಲ್ಲೂ ಆ ವಿಡಿಯೋ ಅದೆ. ಮೈಗೆ ಉಷಾರಿಲ್ಲ ಅಂತ ನೀವೇ ಒಂದ್ ಮಾತು ಏಳ್ಬುಟ್ರೆ ಯಾರ್ಗೂ ಬ್ಯಾಸ್ರ ಇರಲ್ಲ," ಅಂದರು. ನನ್ನ ಮೈಗೇನೂ ಆಗಿಲ್ಲವಲ್ಲ ಅಂದೆ. "ಇಲ್ಲಾಂದ್ರೆ ಶಾಂತರಾಜು ಒಂದ್ ಮಾತು ಅಂದ್ರೂ ಸಾಕು, ಉಡುಗ್ರು ಕೇಳ್ತರೆ," ಅಂತ ಹೇಳಿ ಎದ್ದರು. ಇನ್ನೂ ಅವರಿಗೆ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ನನಗೆ ಈ ಸೀಟಿ ಬೇಕು, ಶಾಂತ. ನಿನ್ನ ಹತ್ತಿರ ಬಿಂಕ ಯಾಕೆ. ವಾರವೆಲ್ಲ ಬಗ್ಗಿ ಸೂಜಿ ಚುಚ್ಚುವವನಿಗೆ ಬೆನ್ನು ನೆಟ್ಟಗೆ ಮಾಡಿ ಓಡುವುದಕ್ಕೆ ಇರುವುದು ಅದೊಂದೇ ದಿನ. ಕಣ್ಣು ಮಂಜಾದರೆ, ಕಾಲು ಸೋತರೆ ನಾನೇ ಬಿಟ್ಟುಕೊಡುತ್ತೇನೆ. ಮೋಸಗಾರ ಅನ್ನಿಸಿಕೊಂಡು ಬಿಡುವುದಕ್ಕೆ ನನ್ನಿಂದ ಆಗುವುದಿಲ್ಲ.

ಹಾಗಂತ ಹುಡುಗರಿಗೆ ಶಿಫಾರಸು ಮಾಡು ಅಂತ ಕೇಳುತ್ತಿಲ್ಲ. ಆ ಭಾನುವಾರ ಟೀವಿ ಆರಿಸಿ ಸಂತೆಮರಹಳ್ಳಿಗೆ ಬಾ, ಅಷ್ಟೇ. ಬಸ್ಸು ಸಿಗದಿದ್ದರೆ ನಿಂಗರಾಜು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾನೆ, ಅವನನ್ನು ಕೇಳಿಟ್ಟಿದ್ದೇನೆ. ಗೋಲಿನ ಹಿಂದೆ ಕೂರು. ನಾನು ತಪ್ಪು ಊದಿದರೆ ಎಲ್ಲರೆದುರು ಎದ್ದು ನಿಂತು ಬೈಯಿ. ನಿನ್ನ ಬೈಗುಳಕ್ಕೆ ನಾನು ಯಾವತ್ತೂ ಬೇಸರ ಮಾಡಿಕೊಂಡವನಲ್ಲ.

ಅವ್ವನಿಗೆ ನನ್ನ ನಮಸ್ಕಾರ. ಕುಮಾರಿಗೆ, ಮೊಮ್ಮಗಳಿಗೆ ನಮ್ಮಿಬ್ಬರ ದುವಾ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಮಂಡಿಗೆ ಮೈದಾನದ ತನಕ ನಡೆಯುವಷ್ಟು ಶಕ್ತಿ ಕೊಡಲಿ.

ನಿನ್ನ
ಇಸ್ಮಾಯಿಲ್

ಇನ್ನೊಂದು ಮಾತು: ಸಹಿ ಹಾಕಿ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಫೈನಲ್ ಆದ ಮೇಲೆ ಅವತ್ತು ಫೋನ್ ಇಡುವ ಮುಂಚೆ ನೀನು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ. "ಎಷ್ಟಾದ್ರೂ ಸಾಬ್ರು ಸಾಬ್ರಿಗೇ ತಾನೆ ಊದೋದು, ಬುಡು," ಅಂದೆ. ನಿನ್ನ ಸುತ್ತ ಕೂತಿದ್ದವರು ನಕ್ಕದ್ದು ನನಗೆ ಕೇಳಿಸಿತು. ತಪ್ಪು ಊದಿದೆ ಅಂದಿದ್ದರೆ ಜಗಳ ಆಡುತ್ತಿದ್ದೆ. ಅವತ್ತು ಗುಂಡ್ಲುಪೇಟೆಗೆ ಆಡಿದವರ ಹೆಸರುಗಳನ್ನು ಬರೆದು ಕಳಿಸಿದರೆ ನಿನಗೇ ನಾಚಿಕೆಯಾಗುತ್ತದೆ. ಬರೆಯುವುದಿಲ್ಲ. ಆ ಪುರಾವೆ ನಿನಗೆ ಒಪ್ಪಿಸುವ ಗತಿ ನನಗೆ ಬರಬಾರದು. ಬ್ಯಾಕ್ ಆಡುವಾಗ ನೀನು ಹಿಂದಿನಿಂದ ಕೂಗಿದ ಕಡೆಗೆ ತಿರುಗಿ ನೋಡದೆ ಬಾಲು ಕೊಡುತ್ತಿದ್ದವನು ನಾನು. ನಜೀಮಾಗೆ ಈ ಮಾತು ಹೇಳಿಲ್ಲ. ನಿನಗೆ ಇಷ್ಟ ಅಂತ ನಿಂಬೆಕಾಯಿ ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಾಳೆ. ಶಾಂತರಾಜಣ್ಣ ಯಾವಾಗ ಬರುತ್ತಾರೆ ಅಂತ ದಿನಾ ಕೇಳುತ್ತಾಳೆ. ಅದನ್ನು ಸಂತೆಮರಹಳ್ಳಿಗೆ ತರುತ್ತೇನೆ. ನೀನು ಬರದೆ ನಾನದನ್ನು ವಾಪಸ್ ಮನೆಗೆ ಹೊತ್ತುಕೊಂಡು ಬಂದರೆ ಅವಳಿಗೆ ಏನು ಹೇಳಲಿ, ಅದೊಂದು ತಿಳಿಸು.