ರಾಜಕುಮಾರನ ಹೆಸರು, ಭೈರೂನ ಮುಖ

ದೇವಲ್‌ಗಢ
ಸಂವತ್ 1847, ಭಾದ್ರಪದ ಬಹುಳ ಪಂಚಮಿ

ನಮ್ಮ ಭೈರೂನ ಅಮ್ಮನಿಗೆ ಆಶೀರ್ವಾದ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ನೀನೂ ಉಣ್ಣು.

ನೀನು ತವರಿಗೆ ಹೋದ ಮೇಲೆ ಎರಡು ಸಲ ಹೇಳಿಕಳಿಸಿದೆ: ಮಗ ಮಲಗಿದ್ದಾಗ ಜಿಂಕೆಯ ತೆಳುದೊಗಲಿನ ಮೇಲೆ ನೀವು ಬರೆದುಕೊಂಡ ಅವನ ಮುಖವನ್ನು ಕಳಿಸಿ, ಇನ್ನೇನೂ ಬೇಡ ಅಂತ. ಅದನ್ನು ಇಲಿ ತಿಂದಿತೆಂದು ನಾನು ಬರೆದೆ. ಅದು ಸುಳ್ಳು.

ನಮ್ಮ ಭೈರೂನನ್ನು ಒಯ್ದ ಸಿಡುಬೇ ಅರಮನೆಗೂ ಹೋಯಿತು. ಭೈರೂ ಹೋದ ಹನ್ನೊಂದನೆಯ ದಿನಕ್ಕೆ ರಾಜಕುಮಾರನೂ ಹೋದ. ಇಬ್ಬರಿಗೂ ಏಳು ವರ್ಷ. ದೃಷ್ಟಿ ತಗಲುತ್ತದೆಂದು ಬದುಕಿದ್ದಾಗ ರಾಜಕುಮಾರನ ಚಿತ್ರ ಬರೆಯಗೊಟ್ಟಿರಲಿಲ್ಲ. ಈಗ ರಾಣಿಸಾ ಬೇಕೆಂದರು. ದಿವಾನರು ನನ್ನನ್ನು ಕರೆಸಿ, "ಏನಯ್ಯ ಗೆಹರೀ, ಚಿನ್ನ ಉಜ್ಜೋಕೆ ಬಂದೋನು ಉಸ್ತಾದ ಆಗಿ ಕೂತಿದ್ದೀಯ. ಬಾಯಲ್ಲಿ ಬರೆದಿದ್ದು ಸಾಕು, ಕುಂಚದಲ್ಲಿ ಬರಿ" ಅಂದರು. "ಹುಕುಂ ಸ್ವಾಮಿ, ಅವರನ್ನ ನಾನು ನೋಡಿದ್ದು ಒಂದೇ ಸಲ, ಅದೂ ಆನೆ ಮೇಲೆ. ಆನೆ ಚೆನ್ನಾಗಿ ನೆನಪಿದೆ" ಅಂದೆ. ಅವರು ನಗಲಿಲ್ಲ.

ಮನೆಗೆ ಬಂದು ಆ ದೊಗಲು ತೆಗೆದೆ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ. ಮೂಗಿಗೆ ಇಪ್ಪತ್ತಾರು ತೂತು, ಕಿವಿಗೆ ನಲವತ್ತು. ಕಾಗದದ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದಾಗ ಭೈರೂ ಚುಕ್ಕಿಚುಕ್ಕಿಯಾಗಿ ಎದ್ದ. ಕೊನೆಯ ದಿನ ಸಿಡುಬಿನಲ್ಲಿ ಹೇಗಿದ್ದನೋ ಹಾಗೇ. ಗಟ್ಟಿ ಬಣ್ಣ ಆರು ಪದರ ಹಾಕಿ ಚುಕ್ಕಿ ಮುಚ್ಚಿದೆ. ಪೇಟ, ಮುತ್ತು, ತಲೆಯ ಸುತ್ತ ಚಿನ್ನದ ಪ್ರಭಾವಳಿ. ಮಲಗಿದ್ದವನ ಕಣ್ಣನ್ನು ಕೊನೆಗೆ ತೆರೆಸಿದೆ. ಏನೂ ಅನ್ನಿಸಲಿಲ್ಲ. ಚಿನ್ನ ಎಲ್ಲಾದರೂ ಎದ್ದಿದೆಯೇ ಎಂದು ಮಾತ್ರ ನೋಡಿಕೊಂಡೆ.

ಚಿತ್ರವನ್ನು ಪರದೆಯ ಹಿಂದೆ ರಾಣಿಸಾ ಅವರಿಗೆ ಒಯ್ದರು. ಆಮೇಲೆ ದಾಸಿ ಬಂದು, "ಇವನೇ ಅಂತಾರೆ. ಕೆಳತುಟಿ ಹಿಂಗೇ ಇತ್ತಂತೆ" ಅಂದಳು.

ದೊರೆಮನೆಯವರ ಮುಖದ ಮೂಲಗೆರೆ ಚಿತ್ರಗಾರನ ಮನೆಯಲ್ಲಿ ಇರಕೂಡದು, ಭಂಡಾರಕ್ಕೆ ಸೇರಬೇಕು. ದೊಗಲಿನ ಹಿಂದೆ ರಾಜಕುಮಾರನ ಹೆಸರನ್ನು ನನ್ನ ಕೈಯಿಂದಲೇ ಬರೆದು ಒಪ್ಪಿಸಿಬಂದೆ.

ನಿನಗೆ ಇನ್ನೊಂದು ಬರೆದುಕೊಡೋಣವೆಂದು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಪೇಟ ಕಟ್ಟಿದವನೇ ಬಂದ.

ಬಯ್ಯುವುದಿದ್ದರೆ ನಿನ್ನ ಅಣ್ಣನ ಕೈಲಿ ಬರೆಸು. ಇದನ್ನು ಅವನಿಂದ ಓದಿಸಿ ಒಲೆಗೆ ಹಾಕು.

ಇತಿ, ಭೈರೂನ ಅಪ್ಪ
ಗೆಹರೀಲಾಲ

ಇನ್ನೊಂದು ಮಾತು: ರಾಜಕುಮಾರನ ವರ್ಷಾಂತಿಕದ ದಿನ ಚಿತ್ರವನ್ನು ರಾಣಿವಾಸದ ಅಂಗಳದಲ್ಲಿಟ್ಟು ಊರ ಹೆಂಗಸರಿಗೆ ದರ್ಶನ ಕೊಡುತ್ತಾರೆ. ಬಾ. ಸಾಲಿನಲ್ಲಿ ಕೂತು ಎಷ್ಟು ಹೊತ್ತಾದರೂ ನೋಡಬಹುದು, ಯಾರೂ ಎಬ್ಬಿಸುವುದಿಲ್ಲ. ರಾಣಿಸಾ ಎದುರಿಗೇ ಇರುತ್ತಾರೆ. ಅವರಿಗಿಂತ ಹೆಚ್ಚು ಅಳಬೇಡ.