ಗಂಟಿಗೆ ಹಾಕಿದ ಬರೆ

ರಾಜಾಜಿನಗರ, ಮೂರನೇ ಬ್ಲಾಕ್
೧೨-೮-೧೯೭೬

ಸೌಭಾಗ್ಯವತಿ ತಂಗಿ ಜಯದೇವಿಗೆ ಅಕ್ಕನ ಆಶೀರ್ವಾದಗಳು.

ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಎಂದುಕೊ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬಲಗೈ ಎತ್ತಲಾಗದೆ ತಡವಾಯಿತು, ಮುನಿಸಿಕೊಳ್ಳಬೇಡ. ಎದೆಯಲ್ಲಿ ಗಂಟು ಸಿಕ್ಕಿದೆ, ಯಾರಿಗೂ ಹೇಳಿಲ್ಲ ಎಂದು ಬರೆದಿದ್ದೀಯ. ಮೊದಲು ನನ್ನ ಪಾಡು ಕೇಳು.

ನನಗೂ ಬಲಗಡೆ ಗಜ್ಜುಗದಷ್ಟು ಗಂಟಾಗಿತ್ತು. ಬುದ್ಧಿಯಿಲ್ಲದೆ ಅತ್ತೆಗೆ ಹೇಳಿದೆ. "ಎಳೇದಿರುವಾಗ್ಲೇ ಸುಟ್ರೆ ಬೇರು ಬಿಡಲ್ಲ ಕಣೇ" ಎಂದರು. ಸೋಮವಾರ ಪೂಜೆ ಮುಗಿಯುತ್ತಲೇ ಅರಿಶಿನದ ಕೊಂಬನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿದರು. ನಿಮ್ಮ ಭಾವ ನನ್ನ ಕಾಲ ಮೇಲೆ ಕುಳಿತರು. ಅತ್ತೆ ಮೂರು ಬರೆ ಹಾಕಿದರು ಜಯಾ. ಚರ್ಮ ಚುರ್ರೆಂದಿತು, ನನ್ನದೇ ಮಾಂಸ ಸುಟ್ಟ ವಾಸನೆ ಮೂಗಿಗೆ ಬಂತು. ಕಿರುಚಿದ್ದಕ್ಕೆ ಭಾವ ಬಾಯಿಗೆ ಗುದ್ದಿದರು, ಅಕ್ಕಪಕ್ಕದವರಿಗೆ ಕೇಳುತ್ತದಂತೆ. ಒಂದು ಹಲ್ಲು ಇನ್ನೂ ಅಲುಗಾಡುತ್ತಿದೆ.

ಕೀವಾಗಿ ಜ್ವರ ಏರಿದಾಗ ಪಕ್ಕದ ಮನೆಯ ಚಿಕ್ಕಗಂಗಮ್ಮ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಎಳೆದೊಯ್ದಳು. ಸೆರಗು ಸರಿಸಿದವರೇ, "ಯಾರಮ್ಮಾ ಈ ಕಟುಕರು?" ಎಂದರು. ಹುಣ್ಣು ಮಾಯ್ದ ಮೇಲೆ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಮೊನ್ನೆ ರಿಪೋರ್ಟ್ ಬಂತು. "ಕ್ಯಾನ್ಸರ್ ಅಲ್ಲಮ್ಮ. ಇದರ ಪಾಡಿಗೆ ಬಿಟ್ಟಿದ್ರೂ ಏನೂ ಮಾಡ್ತಿರ್ಲಿಲ್ಲ. ಹೆಚ್ಚಿನ ಗಂಟು ಹೀಗೇನೇ. ಆದ್ರೆ ಯಾವ್ದು ಹೇಗೆ ಅಂತ ಮನೇಲಿ ಕೂತು ಹೇಳಕ್ಕಾಗಲ್ಲ, ತೋರಿಸ್ಲೇಬೇಕು" ಎಂದರು.

ರಿಪೋರ್ಟನ್ನು ಅತ್ತೆಯ ಮುಂದೆ ಎಸೆದೆ. ಅವರೇನು ಅಂದರು ಗೊತ್ತೇ? "ನಾವು ಸುಟ್ಟಿದ್ದಕ್ಕೇ ಅಲ್ವಾ ಒಳ್ಳೇದು ಅಂತ ಬಂದಿರೋದು!" ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಭಾವ ಕೈಯೆತ್ತಿದರು. ನೀರೊಲೆಯಿಂದ ಉರಿಯುವ ಕೊಳ್ಳಿ ಎಳೆದು ಅವರ ಮುಖದ ಮುಂದೆ ಹಿಡಿದೆ. ಎತ್ತಿದ ಕೈ ತಾನಾಗಿ ಕೆಳಗಿಳಿಯಿತು.

ನೀನು ನಾಳೆಯೇ ಆಸ್ಪತ್ರೆಗೆ ಹೋಗು. ಹಿಸುಕಿ ನೋಡುತ್ತ ಕೂರಬೇಡ. ತೆಗೆಯಬೇಕೆಂದರೆ ತೆಗೆಸು. "ಇರಲಿ, ಆರು ತಿಂಗಳು ಬಿಟ್ಟು ಬಾ" ಎಂದರೆ ಮರೆಯದೆ ಹೋಗು. ಚರ್ಮ ಒಳಗೆ ಸೆಳೆದರೆ, ತೊಟ್ಟಿನಿಂದ ರಕ್ತ ಬಂದರೆ ಒಂದು ದಿನವೂ ತಡೆಯಬಾರದಂತೆ. ನಾಚಿಕೆ ಎಂದೆಯೋ, ನಾನೇ ಬಂದು ಜಡೆ ಹಿಡಿದು ಎಳೆದೊಯ್ಯುತ್ತೇನೆ.

ಬಸವಣ್ಣ ನಿನ್ನನ್ನು ಕಾಯಲಿ. ನೂರು ವರ್ಷ ಬಾಳು.

ನಿನ್ನ ಅಕ್ಕ,
ಬಸವರಾಜೇಶ್ವರಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ನನ್ನ ಎರಡೂ ಕೈಗಳನ್ನು ನೆಲಕ್ಕೆ ಒತ್ತಿ ಹಿಡಿದವಳು ನಮ್ಮವ್ವ. ನನ್ನನ್ನು ನೋಡಿಕೊಂಡು ಹೋಗಲು ಬಂದಿದ್ದಳು. "ತಡ್ಕೊ ಕಂದಾ, ತಡ್ಕೊ" ಎಂದು ಅಳುತ್ತಿದ್ದಳು, ಹಿಡಿತ ಮಾತ್ರ ಸಡಿಲಿಸಲಿಲ್ಲ. ನಿನ್ನ ಕಾಗದವನ್ನು ಭಾವ ಒಡೆದು ಓದಿದಾಗಲೂ ಅವಳು ಇಲ್ಲೇ ಇದ್ದಳು. ಇನ್ನು ಎಂಟು ದಿನಕ್ಕೆ ನಿನ್ನ ಮನೆಗೆ ಬರುತ್ತಾಳಂತೆ. ಬಾಗಿಲು ತೆಗೆಯಬೇಡ.